ಜೊಂಡು ಉಲಿಯಕ್ಕಿಯನ್ನೂ ನೆಲದೊಳಗಿನ ಟ್ರಫಲ್ ಅಣಬೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ?

ಜೊಂಡಿನಂಚು:
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮೂರಿನ ಪ್ರಕೃತಿ ಬಳಗದಲ್ಲಿ ಮುಕ್ಕಾಲು ಗಂಟೆ ಮಾತನಾಡುವ ಹೊಣೆ ನನ್ನ ಪಾಲಿಗೆ ಬಂದಿದೆ. ನಾನು ಆರಿಸಿಕೊಂಡ ವಿಷಯ ಕೇಳಿ ಮನೆಯವರೆಲ್ಲ ನಕ್ಕಿದ್ದರಿಂದ ಇಲ್ಲಿ ಕೇಳುತ್ತಿದ್ದೇನೆ. ಯುರೋಪಿನ ಕೆರೆ ಜೌಗುಗಳ ಜೊಂಡಿನಲ್ಲಿ ಗೂಡು ಕಟ್ಟುವ ಜೊಂಡು ಉಲಿಯಕ್ಕಿಯನ್ನೂ ಅದೇ ಯುರೋಪಿನ ಓಕ್ ಮರಗಳ ಬುಡದಲ್ಲಿ ಮಣ್ಣಿನೊಳಗೆ ಬಲಿಯುವ ಟ್ರಫಲ್ ಅಣಬೆಯನ್ನೂ ಅಕ್ಕಪಕ್ಕ ಇಟ್ಟು ಹೋಲಿಸಬೇಕೆಂಬುದು ನನ್ನ ಆಸೆ.

ಈ ಜೋಡಿ ನನ್ನ ತಲೆ ಹೊಕ್ಕಿದ್ದು ಹೀಗೆ. ಕಳೆದ ನವೆಂಬರ್‌ನಲ್ಲಿ ಮನೆಯ ಹಿಂದಿನ ಲಂಟಾನ ಪೊದೆಯಿಂದ ಎರಡು ಬೆಣಚುಕಲ್ಲುಗಳನ್ನು ತಾಗಿಸಿದಂತೆ ‘ಚಕ್, ಚಕ್’ ಎಂಬ ಸದ್ದು ಬೆಳಗಿನಿಂದ ಸಂಜೆಯವರೆಗೂ ಬರುತ್ತಿತ್ತು. ದುರ್ಬೀನು ಹಿಡಿದು ಹತ್ತು ದಿನ ಕೂತರೂ ನನಗೆ ಕಂಡದ್ದು ಅಲುಗಿದ ಎಲೆಗಳು ಮತ್ತು ಒಂದು ಕಂದು ಬಾಲದ ತುದಿ ಮಾತ್ರ. ಅದೇ ವಾರ ನಮ್ಮ ಷಡ್ಡಕರು ಇಟಲಿಯಿಂದ ಬರುವಾಗ ಪುಟ್ಟ ಶೀಸೆಯಲ್ಲಿ ಟ್ರಫಲ್ ತಂದುಕೊಟ್ಟರು. ಮುಚ್ಚಳ ತೆಗೆದದ್ದೇ ತಡ, ನನ್ನ ಹೆಂಡತಿ ಒಳಗೆ ಓಡಿ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಆರಿಸಿದಳು. ಒಂದು ಜೀವವನ್ನು ಕಿವಿಯಿಂದಷ್ಟೇ, ಇನ್ನೊಂದನ್ನು ಮೂಗಿನಿಂದಷ್ಟೇ ಪತ್ತೆ ಹಚ್ಚಬಹುದಲ್ಲ ಎಂದು ಅಂದು ಅನ್ನಿಸಿತು. ಕಣ್ಣಿಗೆ ಬೀಳದೆ ಬದುಕುವ ಇವೆರಡೂ ತಾವಿರುವ ಸುದ್ದಿಯನ್ನು ಮಾತ್ರ ಊರಿಗೆಲ್ಲ ಸಾರುತ್ತವೆ. ಈ ಹೋಲಿಕೆಯಲ್ಲಿ ಹುರುಳಿದೆಯೇ, ಇಲ್ಲವೇ ಬರೀ ಮಾತಿನ ಚಮತ್ಕಾರವೇ ಎಂಬುದನ್ನು ದಯವಿಟ್ಟು ತಿಳಿಸಿ.

ಗಣಿತಮೇಷ್ಟ್ರು:
ಬರೀ ಮಾತಿನ ಚಮತ್ಕಾರ. ಉಲಿಯಕ್ಕಿ ಒಂದು ಇಡೀ ಜೀವಿ, ಟ್ರಫಲ್ ಒಂದು ಜೀವಿಯ ಅಂಗ. ನೀವು ಹೋಲಿಸಲು ಹೊರಟಿರುವುದು ಹಸುವನ್ನು ಮತ್ತು ಹಲಸಿನ ಹಣ್ಣನ್ನು.

ಅಣಬೆಗೂಡು:
ಮೇಷ್ಟ್ರ ಆಕ್ಷೇಪ ಖಾರವಾಗಿದ್ದರೂ ನ್ಯಾಯವಾದದ್ದು. ಟ್ರಫಲ್ ಎಂದು ನಾವು ಕೈಯಲ್ಲಿ ಹಿಡಿಯುವ ಗಂಟು ಆ ಶಿಲೀಂಧ್ರದ ಹಣ್ಣಿನಂಥ ಭಾಗ. ಅದರ ನಿಜವಾದ ಮೈ ಎಂದರೆ ಓಕ್, ಹೇಜಲ್ ಮುಂತಾದ ಮರಗಳ ಎಳೆಬೇರುಗಳಿಗೆ ಕಾಲುಚೀಲದಂತೆ ಸುತ್ತಿಕೊಂಡು ಅಲ್ಲಿಂದ ಮಣ್ಣಿಗೆ ಹರಡುವ ಎಳೆಗಳ ಜಾಲ. ಆ ಜಾಲ ಮಣ್ಣಿನಿಂದ ನೀರನ್ನೂ ರಂಜಕದಂಥ ಲವಣಗಳನ್ನೂ ತಂದು ಮರಕ್ಕೆ ಕೊಡುತ್ತದೆ, ಮರ ತಾನು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯಲ್ಲಿ ಒಂದು ಪಾಲನ್ನು ಅದಕ್ಕೆ ಹಿಂದಿರುಗಿಸುತ್ತದೆ. ಫ್ರಾನ್ಸಿನ ಕಪ್ಪು ಟ್ರಫಲ್ ಇರುವ ಮರದ ಸುತ್ತ ಹುಲ್ಲು ಒಣಗಿ ಸುಟ್ಟ ನೆಲದಂಥ ಒಂದು ವೃತ್ತ ಕಾಣಿಸುತ್ತದೆ. ಅಲ್ಲಿನವರು ಅದನ್ನು ‘ಬ್ರೂಲೆ’, ಅಂದರೆ ಸುಟ್ಟದ್ದು, ಎಂದೇ ಕರೆಯುತ್ತಾರೆ. ಆದ್ದರಿಂದ ಕಪ್ಪು ಟ್ರಫಲ್ ಕಣ್ಣಿಗೆ ಯಾವ ಸುಳಿವನ್ನೂ ಕೊಡುವುದಿಲ್ಲ ಎನ್ನುವಂತಿಲ್ಲ.

ಹಾಗೆಂದು ಹೋಲಿಕೆಯನ್ನೇ ಕೈಬಿಡಬೇಡಿ. ಹಕ್ಕಿಗೆ ಎದುರಾಗಿ ಟ್ರಫಲನ್ನು ಇಡುವ ಬದಲು ಹಕ್ಕಿಯ ಹಾಡಿಗೆ ಎದುರಾಗಿ ಟ್ರಫಲಿನ ವಾಸನೆಯನ್ನು ಇಡಿ, ಆಗ ತಕ್ಕಡಿ ಸಮವಾಗುತ್ತದೆ.

ಜೊಂಡಿನಂಚು:
ಇದು ನನಗೆ ಒಪ್ಪಿಗೆ. ಹಾಡಿಗೆ ವಾಸನೆ, ಹಕ್ಕಿಗೆ ಬೇರಿನ ಜಾಲ ಎಂದು ಬದಲಿಸಿಕೊಳ್ಳುತ್ತೇನೆ. ಬ್ರೂಲೆಯ ವಿಷಯ ನನಗೆ ಹೊಸದು.

ಹಕ್ಕಿಕಿವಿ:
ಸ್ವಾಮಿ, ಅದಕ್ಕೂ ಮೊದಲು ನಿಮ್ಮ ಲಂಟಾನ ಪೊದೆಯ ಲೆಕ್ಕ ಸರಿಪಡಿಸಬೇಕು. ನೀವು ಕೇಳಿದ್ದು ಯುರೋಪಿನ ಜೊಂಡು ಉಲಿಯಕ್ಕಿಯಲ್ಲ, ಬ್ಲೈತ್ ಜೊಂಡು ಉಲಿಯಕ್ಕಿ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ಅವರ ಹೆಸರು ಅದಕ್ಕಿದೆ. ಫಿನ್ಲೆಂಡಿನಿಂದ ಸೈಬೀರಿಯದವರೆಗಿನ ನಾಡಿನಲ್ಲಿ ಮರಿ ಮಾಡಿ, ಸೆಪ್ಟೆಂಬರ್ ಹೊತ್ತಿಗೆ ನಮ್ಮಲ್ಲಿಗೆ ಬಂದು, ಏಪ್ರಿಲ್ ಕಳೆಯುವವರೆಗೆ ಬೇಲಿ, ತೋಟ, ಪೊದೆಗಳಲ್ಲಿ ಚಕ್ ಚಕ್ ಎನ್ನುತ್ತ ಇರುತ್ತದೆ. ಹೆಸರಿನಲ್ಲಿ ಜೊಂಡು ಇದ್ದರೂ ಇಲ್ಲಿ ಅದಕ್ಕೆ ಜೊಂಡು ಬೇಕೇ ಇಲ್ಲ.

ಯುರೋಪಿನ ಜೊಂಡು ಉಲಿಯಕ್ಕಿ ಭಾರತಕ್ಕೆ ಬರುವುದಿಲ್ಲ, ಚಳಿಗಾಲ ಕಳೆಯಲು ಸಹಾರಾ ದಾಟಿ ಆಫ್ರಿಕಕ್ಕೆ ಹೋಗುತ್ತದೆ. ತೂಕ ಸುಮಾರು 12 ಗ್ರಾಂ. ನೀರಿನಿಂದ ಎದ್ದ ನಾಲ್ಕಾರು ಜೊಂಡಿನ ಕಡ್ಡಿಗಳನ್ನು ಸೇರಿಸಿ ಹೆಣ್ಣು ಹೆಣೆಯುವ ಗೂಡು ಬಟ್ಟಲಿಗಿಂತ ಲೋಟವನ್ನು ಹೆಚ್ಚು ಹೋಲುತ್ತದೆ. ಗಾಳಿಗೆ ಜೊಂಡು ಅಡ್ಡಡ್ಡ ಬಾಗಿದಾಗ ಮೊಟ್ಟೆ ಉರುಳಿ ನೀರಿಗೆ ಬೀಳದಿರಲೆಂದು ಆ ಆಳ. ಚಿತ್ರ ತೋರಿಸುವಾಗ ಇವೆರಡು ಹಕ್ಕಿಗಳನ್ನು ಮಾತ್ರ ಅದಲುಬದಲು ಮಾಡಬೇಡಿ, ಏಕೆಂದರೆ ಎರಡೂ ಒಂದೇ ಮಣ್ಣುಬಣ್ಣದವು, ಮತ್ತು ಸಭೆಯಲ್ಲಿ ನನ್ನಂಥವನೊಬ್ಬ ಕೂತಿದ್ದರೆ ನಿಮ್ಮ ಉಳಿದ ಅರ್ಧ ಗಂಟೆ ಅದರಲ್ಲೇ ಹೋಗುತ್ತದೆ.

ಒಂದೇಸಾಲು:
ಜೊಂಡಿನಲ್ಲಿರದ ಜೊಂಡು ಉಲಿಯಕ್ಕಿಯನ್ನೂ, ಗೆಡ್ಡೆಯಲ್ಲದಿದ್ದರೂ ಲ್ಯಾಟಿನ್ನಿನಲ್ಲಿ ಗೆಡ್ಡೆ ಎಂದೇ ಕರೆಸಿಕೊಳ್ಳುವ ಟ್ಯೂಬರ್ ಕುಲದ ಅಣಬೆಯನ್ನೂ ಹೋಲಿಸಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕೇ?

ತೂರಿನ್‌ವಾಸಿ:
ನಾನು ಇಟಲಿಯ ಪಿಯೆಮಾಂಟೆ ಪ್ರಾಂತದಲ್ಲಿದ್ದೇನೆ. ಎರಡು ವರ್ಷದ ಹಿಂದೆ ಆಲ್ಬಾ ಪಟ್ಟಣದ ಹತ್ತಿರದ ಗುಡ್ಡಗಳಲ್ಲಿ ಬಿಳಿ ಟ್ರಫಲ್ ಹುಡುಕುವ ಒಬ್ಬ ಅಜ್ಜನ ಜೊತೆ ನವೆಂಬರಿನ ಒಂದು ಬೆಳಗಿನ ಜಾವ ನಡೆದಿದ್ದೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ನಾಯಿಯ ಕೊರಳ ಗಂಟೆಯ ಸದ್ದು ಕೇಳುತ್ತಿತ್ತೇ ಹೊರತು ನಾಯಿ ಕಾಣುತ್ತಿರಲಿಲ್ಲ. ಒಂದು ಪಾಪ್ಲರ್ ಮರದ ಕೆಳಗೆ ಗಂಟೆಯ ಸದ್ದು ನಿಂತಿತು. ಅಜ್ಜ ಆ ವಯಸ್ಸಿನಲ್ಲೂ ಓಡಿದರು, ಏಕೆಂದರೆ ನಾಯಿ ಉಗುರಿನಿಂದ ಕೆರೆದರೆ ಟ್ರಫಲಿನ ಬೆಲೆ ಅರ್ಧಕ್ಕೆ ಇಳಿಯುತ್ತದಂತೆ. ನಾಯಿಯನ್ನು ಪಕ್ಕಕ್ಕೆ ಸರಿಸಿ, ಬಾಯಿಗೆ ಒಂದು ಬಿಸ್ಕತ್ತು ಕೊಟ್ಟು, ಉದ್ದ ಹಿಡಿಯ ಪುಟ್ಟ ಗುದ್ದಲಿಯಿಂದ ಮಣ್ಣನ್ನು ಬಿಡಿಸುತ್ತ, ನಡುನಡುವೆ ಹಿಡಿಮಣ್ಣನ್ನು ಎತ್ತಿ ಮೂಸಿ ನೋಡುತ್ತಿದ್ದರು. ಒಂದು ಗೇಣು ಆಳದಲ್ಲಿ ಸಣ್ಣ ಆಲೂಗಡ್ಡೆಯಷ್ಟು ದೊಡ್ಡದು ಸಿಕ್ಕಿತು. ಅದನ್ನು ಜೇಬಿಗೆ ಹಾಕಿದ ಮೇಲೆ ಗುಂಡಿಯನ್ನು ಮುಚ್ಚಿ, ಒಣಗಿದ ಎಲೆಗಳನ್ನು ಮೊದಲಿದ್ದಂತೆಯೇ ಹರಡಿದರು. ಬೇರಿನ ಜಾಲ ಒಣಗಬಾರದೆಂಬುದು ಒಂದು ಕಾರಣ, ಪಕ್ಕದ ಊರಿನವರಿಗೆ ಜಾಗ ಗೊತ್ತಾಗಬಾರದೆಂಬುದು ಇನ್ನೊಂದು ಮತ್ತು ಮುಖ್ಯ ಕಾರಣ.

ಇಲ್ಲಿ ಹಂದಿಗಳನ್ನು ಬಳಸುವುದನ್ನು 1985ರಲ್ಲೇ ನಿಷೇಧಿಸಿದ್ದಾರೆ, ಅವು ನೆಲವನ್ನೇ ಉತ್ತುಬಿಡುತ್ತವೆ. ಟ್ರಫಲ್ ಹುಡುಕುವ ಈ ತಿಳಿವಳಿಕೆಯನ್ನು 2021ರಲ್ಲಿ ಯುನೆಸ್ಕೊ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಜ್ಜನಿಗೆ ಆ ವಿಷಯ ಹೇಳಿದಾಗ ಅವರು ನಾಯಿಯ ತಲೆ ಸವರಿ, ಪರಂಪರೆ ಇದರದ್ದು, ನಾನು ಗುದ್ದಲಿ ಹೊರುವವನು ಎಂದರು.

ಗಣಿತಮೇಷ್ಟ್ರು:
ವರ್ಣನೆ ಸೊಗಸಾಗಿದೆ, ಆದರೆ ನನ್ನ ಎರಡನೆಯ ಆಕ್ಷೇಪಕ್ಕೆ ದಾರಿಯನ್ನೂ ಮಾಡಿಕೊಟ್ಟಿದೆ. ಹಕ್ಕಿಯ ಹಾಡು ಯಾರಿಗಾಗಿ? ತನ್ನದೇ ಜಾತಿಯ ಹೆಣ್ಣಿಗೆ ಮತ್ತು ತನ್ನದೇ ಜಾತಿಯ ಎದುರಾಳಿ ಗಂಡಿಗೆ. ಟ್ರಫಲಿನ ವಾಸನೆ ಯಾರಿಗಾಗಿ? ಹಂದಿಗೆ, ಇಲಿಗೆ, ಜಿಂಕೆಗೆ. ಒಂದು ಮನೆಮಂದಿಗೆ ಬರೆದ ಪತ್ರ, ಇನ್ನೊಂದು ಬೀದಿಯ ಗೋಡೆಗೆ ಅಂಟಿಸಿದ ಜಾಹೀರಾತು. ಇವೆರಡನ್ನೂ ‘ಸುದ್ದಿ ಸಾರುವುದು’ ಎಂಬ ಒಂದೇ ಪದದಲ್ಲಿ ಕಟ್ಟಿದರೆ ವ್ಯತ್ಯಾಸವೇ ಮಾಯವಾಗುತ್ತದೆ.

ಅಣಬೆಗೂಡು:
ಮೇಷ್ಟ್ರೇ, ನಿಮ್ಮ ಈ ಪ್ರಶ್ನೆಯನ್ನೇ ವಿಜ್ಞಾನಿಗಳು ಒಮ್ಮೆ ತಲೆಕೆಳಗಾಗಿ ಕೇಳಿದ್ದರು. 1981ರಲ್ಲಿ ಜರ್ಮನಿಯ ಸಂಶೋಧಕರು ಕಪ್ಪು ಟ್ರಫಲಿನಲ್ಲಿ ಆಂಡ್ರೋಸ್ಟೆನಾಲ್ ಎಂಬ ವಸ್ತುವನ್ನು ಕಂಡರು. ಅದು ಗಂಡು ಹಂದಿಯ ಜೊಲ್ಲಿನಲ್ಲೂ ಇರುವಂಥದ್ದು. ಹಾಗಾದರೆ ಹೆಣ್ಣು ಹಂದಿ ಗಂಡನ್ನು ಹುಡುಕುತ್ತ ಟ್ರಫಲನ್ನು ಅಗೆಯುತ್ತದೆ ಎಂಬ ರಸವತ್ತಾದ ಕತೆ ಹುಟ್ಟಿಕೊಂಡಿತು, ಅದು ಇಂದಿಗೂ ಹೋಟೆಲಿನ ಮೇಜುಗಳ ಮೇಲೆ ಓಡಾಡುತ್ತಿದೆ. ಅಂದರೆ ನಿಮ್ಮ ಲೆಕ್ಕದ ಪ್ರಕಾರ ಅಣಬೆಯೊಂದು ಬೇರೊಬ್ಬರ ಮನೆಯ ಪತ್ರವನ್ನು ನಕಲು ಮಾಡಿದಂತೆ.

ಕತೆ ನಿಲ್ಲಲಿಲ್ಲ. 1990ರಲ್ಲಿ ಫ್ರಾನ್ಸಿನ ಸಂಶೋಧಕರು ಟ್ರಫಲನ್ನೂ, ಬರೀ ಆಂಡ್ರೋಸ್ಟೆನಾಲನ್ನೂ, ಬರೀ ಡೈಮೀಥೈಲ್ ಸಲ್ಫೈಡನ್ನೂ ಬೇರೆ ಬೇರೆ ಕಡೆ ಹೂತು ಪ್ರಾಣಿಗಳನ್ನು ಬಿಟ್ಟರು. ಹಂದಿಯೂ ನಾಯಿಯೂ ಡೈಮೀಥೈಲ್ ಸಲ್ಫೈಡ್ ಇದ್ದಲ್ಲಿ ಅಗೆದವು, ಆಂಡ್ರೋಸ್ಟೆನಾಲಿನ ಕಡೆ ಆಸಕ್ತಿ ತೋರಲಿಲ್ಲ. ಅದು ಗಂಧಕದ ಅಂಶವಿರುವ ವಸ್ತು. ಅಡುಗೆ ಅನಿಲಕ್ಕೆ ಸೋರಿಕೆ ತಿಳಿಯಲೆಂದು ಬೆರೆಸುವುದೂ ಗಂಧಕದ ಸಂಯುಕ್ತವೇ ಆದ್ದರಿಂದ ಜೊಂಡಿನಂಚು ಅವರ ಮನೆಯವರು ರೆಗ್ಯುಲೇಟರಿಗೆ ಓಡಿದ್ದರಲ್ಲಿ ತಪ್ಪೇನೂ ಇಲ್ಲ, ಅವರ ಮೂಗು ಸರಿಯಾಗಿಯೇ ಇದೆ.

ಹಕ್ಕಿಕಿವಿ:
ಪತ್ರವನ್ನು ನಕಲು ಮಾಡುವ ಮಾತು ಬಂದದ್ದು ಒಳ್ಳೆಯದಾಯಿತು, ಏಕೆಂದರೆ ಉಲಿಯಕ್ಕಿಯ ಮನೆಯಲ್ಲಿ ಅದು ನಿಜವಾಗಿಯೇ ನಡೆಯುತ್ತದೆ. ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ವಿಕೆನ್ ಫೆನ್ ಎಂಬ ಜೌಗಿನಲ್ಲಿ ನಿಕ್ ಡೇವಿಸ್ ಮತ್ತು ಸಂಗಡಿಗರು ಹಲವು ದಶಕ ಇದನ್ನು ನೋಡಿದ್ದಾರೆ. ಕುಕೂ ಹಕ್ಕಿ ಮರದ ಮೇಲೆ ಕೂತು ಉಲಿಯಕ್ಕಿ ಗೂಡು ಕಟ್ಟುವುದನ್ನು ಕಾದು ನೋಡುತ್ತದೆ, ಸಮಯ ನೋಡಿ ಇಳಿದು, ಒಂದು ಮೊಟ್ಟೆಯನ್ನು ಕೊಕ್ಕಿನಲ್ಲಿ ಎತ್ತಿ, ತನ್ನದೊಂದನ್ನು ಇಟ್ಟು, ಸುಮಾರು ಹತ್ತು ಸೆಕೆಂಡಿನಲ್ಲಿ ಹಾರಿಹೋಗುತ್ತದೆ. ಹೋಗುವಾಗ ಅದು ಕೊಡುವ ಗುಳುಗುಳು ಕೂಗು ಸ್ಪಾರೋಹಾಕ್ ಎಂಬ ಪುಟ್ಟ ಬಿಜ್ಜು ಕೂಗಿದಂತಿದ್ದು, ಉಲಿಯಕ್ಕಿಗಳು ಜೀವಭಯದಿಂದ ಸುತ್ತ ನೋಡುತ್ತವೆಯೇ ಹೊರತು ಮೊಟ್ಟೆಯ ಕಡೆ ಗಮನ ಕೊಡುವುದಿಲ್ಲ ಎಂಬುದು 2017ರಲ್ಲಿ ಪ್ರಕಟವಾಯಿತು.

ಇನ್ನೂ ಸೋಜಿಗದ್ದು ಮರಿಯ ಸಂಗತಿ. ಮೊಟ್ಟೆಯೊಡೆದ ಕುಕೂ ಮರಿ ಕಣ್ಣು ಬಿಡುವ ಮೊದಲೇ ಉಳಿದ ಮೊಟ್ಟೆಗಳನ್ನು ಬೆನ್ನ ಮೇಲೆ ಹೊತ್ತು ಗೂಡಿನ ಅಂಚಿಗೆ ಏರಿಸಿ ಹೊರಗೆ ತಳ್ಳುತ್ತದೆ. ಆಮೇಲೆ ಒಂಟಿಯಾಗಿ ಉಳಿದ ಈ ಮರಿಗೆ ನಾಲ್ಕು ಮರಿಗಳಷ್ಟು ಆಹಾರ ಬೇಕು, ಆದರೆ ಬಾಯಿ ಒಂದೇ. ಅದಕ್ಕಾಗಿ ಅದು ಒಂದು ಗೂಡು ತುಂಬ ಉಲಿಯಕ್ಕಿ ಮರಿಗಳು ಒಟ್ಟಿಗೆ ಚೀರಿದಂತೆ ‘ಸಿ ಸಿ ಸಿ ಸಿ’ ಎಂದು ಬಿಡುವಿಲ್ಲದೆ ಕೂಗುತ್ತದೆ. ಸಂಶೋಧಕರು ಹೆಚ್ಚುಕಡಿಮೆ ಅಷ್ಟೇ ಗಾತ್ರದ ಬೇರೆ ಜಾತಿಯ ಮರಿಯೊಂದನ್ನು ಗೂಡಿನಲ್ಲಿಟ್ಟು ನೋಡಿದಾಗ ತಂದೆತಾಯಿ ಅಷ್ಟು ಆಹಾರ ತರಲಿಲ್ಲ. ಪಕ್ಕದಲ್ಲಿ ಪುಟ್ಟ ಧ್ವನಿವರ್ಧಕವಿಟ್ಟು ಕುಕೂ ಮರಿಯ ಕೂಗನ್ನು ಕೇಳಿಸಿದಾಗ ದುಡಿಮೆ ಹೆಚ್ಚಿತು. ಈ ಪ್ರಯೋಗ 1998ರದ್ದು. ಆದ್ದರಿಂದ ಮೇಷ್ಟ್ರೇ, ಮನೆಮಂದಿಗೆ ಬರೆದ ಪತ್ರ ಮನೆಯೊಳಗೇ ಉಳಿಯುತ್ತದೆ ಎಂದು ನಂಬಬೇಡಿ.

ಕಡಲತಡಿ:
ನಮ್ಮ ಕಾಗೆ ಮತ್ತು ಕೋಗಿಲೆಯ ಕತೆಯೂ ಇದೇ ತಾನೇ. ಆದರೆ ಕೋಗಿಲೆ ಮರಿ ಸಾಮಾನ್ಯವಾಗಿ ಕಾಗೆ ಮರಿಗಳ ಜೊತೆಗೇ ಬೆಳೆಯುತ್ತದೆ, ಎಲ್ಲವನ್ನೂ ಹೊರದಬ್ಬುವಷ್ಟು ಕ್ರೂರಿಯಲ್ಲ.

ನಾನು ಬರೆಯಬೇಕೆಂದಿದ್ದು ಬೇರೆ. ಟ್ರಫಲಿಗಾಗಿ ಇಟಲಿಯವರೆಗೆ ಏಕೆ ಹೋಗುತ್ತೀರಿ? ಮೊದಲ ಮಳೆ ಬಿದ್ದು ಎರಡು ಗುಡುಗು ಕೇಳಿದರೆ ನಮ್ಮ ದಕ್ಷಿಣ ಕನ್ನಡ, ಉಡುಪಿಯ ಮುರಕಲ್ಲಿನ ಗುಡ್ಡಗಳಲ್ಲಿ ಕಲ್ಲಣಬೆ ಏಳುತ್ತದೆ, ತುಳುವಿನಲ್ಲಿ ಕಲ್ಲಲಾಂಬು. ಗೋಲಿಯಿಂದ ನೆಲ್ಲಿಕಾಯಿಯವರೆಗಿನ ಗಾತ್ರ, ಅರ್ಧ ಮಣ್ಣಿನೊಳಗೆ ಅರ್ಧ ಹೊರಗೆ. ನನ್ನ ಅಮ್ಮ ಸಣ್ಣ ಕೋಲಿನಿಂದ ನೆಲವನ್ನು ಗೀರುತ್ತ, ಎಲ್ಲಿ ಮಣ್ಣು ಬಿರಿದಿದೆ ಎಂದು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ನಾಯಿಯೂ ಬೇಡ, ಹಂದಿಯೂ ಬೇಡ. ಪೇಟೆಯಲ್ಲಿ ಸೇರಿನಲ್ಲಿ ಅಳೆದು ಮಾರುವಾಗ ಅದರ ಬೆಲೆ ಕೇಳಿದರೆ ಕೋಳಿಯೇ ಅಗ್ಗವೆನ್ನಿಸುತ್ತದೆ.

ಅಣಬೆಗೂಡು:
ಕಲ್ಲಣಬೆಯ ಮೇಲೆ ನನಗೂ ಪ್ರೀತಿಯಿದೆ, ಆದರೆ ಅದು ಟ್ರಫಲ್ ಅಲ್ಲ. ಅದು ಆಸ್ಟ್ರಿಯಸ್ ಎಂಬ ಕುಲಕ್ಕೆ ಸೇರಿದ್ದು, ಬಲಿತ ಮೇಲೆ ಹೊರಸಿಪ್ಪೆ ನಕ್ಷತ್ರದಂತೆ ಬಿರಿದು ಒಳಗಿನ ಪುಡಿಯನ್ನು ಗಾಳಿಗೆ ಬಿಡುತ್ತದೆ. ಟ್ರಫಲ್ ಎಂದೂ ಬಿರಿಯುವುದಿಲ್ಲ. ಯಾರಾದರೂ ತಿಂದು ಹೊರಹಾಕುವವರೆಗೆ ಅದರ ಬೀಜಾಣುಗಳು ಒಳಗೇ ಬಂದಿ. ವಂಶದ ಲೆಕ್ಕದಲ್ಲಿ ಟ್ರಫಲಿಗೆ ಹತ್ತಿರದ ನೆಂಟ ಕಲ್ಲಣಬೆಯಲ್ಲ, ಹಿಮಾಲಯದಲ್ಲಿ ಗುಚ್ಚಿ ಎಂದು ಮಾರುವ ಮೊರೆಲ್ ಅಣಬೆ. ಮರದ ಬೇರಿನ ಜೊತೆಗಿನ ಒಡನಾಟ ಮಾತ್ರ ಕಲ್ಲಣಬೆಗೂ ಟ್ರಫಲಿಗೂ ಸಮಾನ.

ಇಲ್ಲಿ ಹೋಲಿಕೆಗೆ ಇನ್ನೊಂದು ಎಳೆ ಸಿಗುತ್ತದೆ. ಟ್ರಫಲಿನ ಪೂರ್ವಜರು ನೆಲದ ಮೇಲೆ ಎದ್ದು ಬೀಜಾಣುಗಳನ್ನು ಗಾಳಿಗೆ ಸಿಡಿಸುತ್ತಿದ್ದವು. ಒಣಹವೆಯಿಂದ ತಪ್ಪಿಸಿಕೊಳ್ಳಲು ನೆಲದೊಳಗೆ ಇಳಿದ ಮೇಲೆ ಸಿಡಿಸುವ ಶಕ್ತಿಯೇ ಹೋಯಿತು, ಆ ನಷ್ಟವನ್ನು ತುಂಬಿದ್ದು ವಾಸನೆ. ಒಂದು ರೀತಿಯಲ್ಲಿ ಟ್ರಫಲ್ ಎಂದರೆ ಹಾರುವುದನ್ನು ಬಿಟ್ಟ ಅಣಬೆ, ಉಲಿಯಕ್ಕಿಯೋ 12 ಗ್ರಾಂ ಮೈ ಹೊತ್ತು ಸಹಾರಾ ದಾಟುತ್ತದೆ.

ಕುವೈತ್‌ಕನ್ನಡಿಗ:
ಗುಡುಗಿಗೆ ಅಣಬೆ ಏಳುತ್ತದೆ ಎಂಬ ಮಾತನ್ನು ಇಲ್ಲಿನ ಅರಬರೂ ಹೇಳುತ್ತಾರೆ. ಮರುಭೂಮಿಯಲ್ಲಿ ಸಿಗುವ ಟ್ರಫಲಿಗೆ ಕುವೈತಿನಲ್ಲಿ ‘ಫಗ್ಗಾ’ ಎಂದು ಹೆಸರು. ಅಕ್ಟೋಬರ್ ಸುಮಾರಿಗೆ ಮೊದಲ ಮಳೆ ಚೆನ್ನಾಗಿ ಬಿದ್ದರೆ ಜನವರಿಯಿಂದ ಮಾರ್ಚಿನವರೆಗೆ ಮಾರುಕಟ್ಟೆಗೆ ಬರುತ್ತದೆ. ಅಲ್ಲಿ ಮರವೇ ಇಲ್ಲ, ಮೊಣಕಾಲೆತ್ತರದ ಒಂದು ಪೊದೆಗಿಡದ ಬೇರಿನಲ್ಲಿ ಅದು ಬೆಳೆಯುತ್ತದೆ. ಹುಡುಕುವವರು ನಾಯಿಯನ್ನು ಒಯ್ಯುವುದಿಲ್ಲ, ಇಳಿಬಿಸಿಲಿನಲ್ಲಿ ಮರಳು ಉಬ್ಬಿ ಬಿರುಕು ಬಿಟ್ಟು ನೆರಳು ಬೀಳುವುದನ್ನು ನೋಡಿ ಅಗೆಯುತ್ತಾರೆ. ಕಡಲತಡಿ ಅವರ ಅಮ್ಮನ ವಿದ್ಯೆಯೂ ಇದೇ ಇರಬೇಕು.

ಒಂದು ತಮಾಷೆ ಹೇಳುತ್ತೇನೆ. ಬಿಳಿಯ ಒಳ್ಳೆಯ ಜಾತಿಗೆ ಇಲ್ಲಿ ‘ಝುಬೈದಿ’ ಎನ್ನುತ್ತಾರೆ, ನಮ್ಮ ಮಾಂಜಿ ಮೀನಿಗೂ ಇಲ್ಲಿ ಝುಬೈದಿ ಎಂದೇ ಹೆಸರು. ಊರಿನಿಂದ ಹೊಸದಾಗಿ ಬಂದ ನನ್ನ ಭಾವನವರು ಝುಬೈದಿ ಅಗ್ಗವಾಗಿದೆ ಎಂಬ ಮಾತು ಕೇಳಿ ಚೀಲ ಹಿಡಿದು ಹೋಗಿ ಅಣಬೆಯ ರಾಶಿಯ ಮುಂದೆ ನಿಂತಿದ್ದರು.

ಅಣಬೆಗೂಡು:
ಗುಡುಗಿನ ನಂಬಿಕೆ ಬಹಳ ಹಳೆಯದು. ಗ್ರೀಕ್ ಲೇಖಕ ಪ್ಲುಟಾರ್ಕ್ ಸುಮಾರು 1900 ವರ್ಷಗಳ ಹಿಂದೆಯೇ ಟ್ರಫಲ್ ಗುಡುಗಿನಿಂದ ಹುಟ್ಟುತ್ತದೆಂದು ಜನ ಏಕೆ ನಂಬುತ್ತಾರೆ ಎಂಬುದನ್ನು ಊಟದ ಪಂಕ್ತಿಯ ಚರ್ಚೆಯಾಗಿ ಬರೆದಿದ್ದಾನೆ. ಪಂಕ್ತಿಯಲ್ಲಿ ಕೂತು ಅಣಬೆಯ ಬಗ್ಗೆ ಜಗಳವಾಡಿದವರಲ್ಲಿ ನಾವು ಮೊದಲಿಗರೇನಲ್ಲ.

ಒಂದೇಸಾಲು:
ಕಡಲತಡಿ ಅವರೇ, ಕಲ್ಲಣಬೆಯನ್ನು ಅಡುಗೆ ಮಾಡುವ ಬಗೆಯನ್ನು ಹೇಳದೆ ನೀವು ಈ ಚರ್ಚೆಯಿಂದ ಎದ್ದುಹೋಗುವಂತಿಲ್ಲ.

ಕಡಲತಡಿ:
ಮೂರು ನಾಲ್ಕು ನೀರಿನಲ್ಲಿ ತೊಳೆದು ಮಣ್ಣನ್ನು ಉಜ್ಜಿ ತೆಗೆಯಬೇಕು, ಇಲ್ಲವಾದರೆ ಹಲ್ಲಿಗೆ ಕಲ್ಲು ಸಿಗುತ್ತದೆ. ಆಮೇಲೆ ಒಂದೊಂದನ್ನೂ ಎರಡು ಹೋಳು ಮಾಡಿ ನೋಡಬೇಕು. ಒಳಗೆ ಬೆಳ್ಳಗಿದ್ದರೆ ಪಾತ್ರೆಗೆ, ಕಪ್ಪಾಗಿದ್ದರೆ ಹಿತ್ತಲಿಗೆ. ಬೇಯಿಸಿ, ಹುರಿದ ಮೆಣಸು ಕೊತ್ತಂಬರಿ ತೆಂಗಿನಕಾಯಿಯ ಮಸಾಲೆ ಹಾಕಿ ಸುಕ್ಕ ಮಾಡುತ್ತೇವೆ. ಕಚ್ಚಿದಾಗ ಹೊರಸಿಪ್ಪೆ ಕರುಮ್ ಎನ್ನುತ್ತದೆ, ಒಳಗೆ ಮೆತ್ತಗಿರುತ್ತದೆ.

ತೂರಿನ್‌ವಾಸಿ:
ಮತ್ತೆ ವಾಸನೆಗೆ ಬರುತ್ತೇನೆ, ಏಕೆಂದರೆ ಹಕ್ಕಿಕಿವಿ ಅವರು ಹೇಳಿದ ಮೋಸಕ್ಕೆ ಇಲ್ಲಿ ಅವಳಿ ಇದೆ. ಅಂಗಡಿಗಳಲ್ಲಿ ಟ್ರಫಲ್ ಎಣ್ಣೆ ಎಂದು ಮಾರುವ ಬಹಳಷ್ಟು ಶೀಸೆಗಳಲ್ಲಿ ಟ್ರಫಲಿನ ಸುಳಿವೂ ಇರುವುದಿಲ್ಲ. ಬಿಳಿ ಟ್ರಫಲಿನ ವಾಸನೆಯ ಮುಖ್ಯ ವಸ್ತುವಾದ 2,4-ಡೈಥಯಾಪೆಂಟೇನನ್ನು ಕಾರ್ಖಾನೆಯಲ್ಲಿ ತಯಾರಿಸಿ ಆಲಿವ್ ಎಣ್ಣೆಗೆ ಬೆರೆಸಿರುತ್ತಾರೆ. ಕುಕೂ ಮರಿಯ ‘ಸಿ ಸಿ ಸಿ’ ಕೇಳಿ ಬೆವರು ಸುರಿಸುವ ಉಲಿಯಕ್ಕಿಗೂ ಆ ಎಣ್ಣೆ ಸುರಿದ ಆಲೂಗಡ್ಡೆ ಚಿಪ್ಸಿಗೆ ಮೂರು ಪಟ್ಟು ಬೆಲೆ ತೆತ್ತ ನನಗೂ ಏನು ವ್ಯತ್ಯಾಸ?

ನಿಜವಾದ ಟ್ರಫಲಿನ ವಾಸನೆಯೂ ಪೂರ್ತಿ ಅದರದ್ದೇ ಅಲ್ಲವೆಂದು ಓದಿದ್ದೆ. ಅಣಬೆಗೂಡು ಅವರು ಹೇಳಬೇಕು.

ಅಣಬೆಗೂಡು:
ಹೌದು. ಟ್ರಫಲಿನ ತಿರುಳಿನಲ್ಲಿ ಬ್ಯಾಕ್ಟೀರಿಯಗಳು ದೊಡ್ಡ ಸಂಖ್ಯೆಯಲ್ಲಿ ಮನೆ ಮಾಡಿಕೊಂಡಿರುತ್ತವೆ, ಗಂಧಕದ ಕೆಲವು ವಾಸನೆಗಳು ಅವುಗಳಿಂದ ಬರುತ್ತವೆ. ಇನ್ನೂ ಒಂದು ಮಾತು. ನಾವು ತಿನ್ನುವ ತಿರುಳು ತಾಯಿಯ ಕಡೆಯದ್ದು, ತಂದೆಯ ಪಾಲು ಬೀಜಾಣುಗಳಲ್ಲಿ ಮಾತ್ರ ಇರುತ್ತದೆ. ಕಪ್ಪು ಟ್ರಫಲಿನ ಇಡೀ ಜೀನೋಮನ್ನು ಓದಿದ್ದು 2010ರಲ್ಲಿ ಪ್ರಕಟವಾಯಿತು. ಕಾಯಿ ಕಟ್ಟಲು ಎರಡು ಬೇರೆ ಬೇರೆ ಬಗೆಯ ಎಳೆಗಳು ಕೂಡಲೇಬೇಕೆಂಬುದು ಆ ಕಾಲದಲ್ಲೇ ಖಚಿತವಾಯಿತು. ಆದರೆ ಮರದ ಬೇರುಗಳಲ್ಲಿ ಸಲೀಸಾಗಿ ಸಿಗುವುದು ತಾಯಿ ಮಾತ್ರ, ತಂದೆಯನ್ನು ಹುಡುಕಿದವರು ಬಹಳ ಸಲ ಬರಿಗೈಯಲ್ಲಿ ಮರಳಿದ್ದಾರೆ.

ಹಕ್ಕಿಕಿವಿ:
ತಂದೆಯ ಗೊಂದಲ ನಮ್ಮ ಕಡೆಯೂ ಉಂಟು. ಸ್ವೀಡನ್ನಿನ ಕ್ವಿಸ್ಮಾರೆನ್ ಸರೋವರದಲ್ಲಿ ದೊಡ್ಡ ಜೊಂಡು ಉಲಿಯಕ್ಕಿಯನ್ನು ವರ್ಷಗಟ್ಟಲೆ ನೋಡಿದವರು 1996ರಲ್ಲಿ ಬರೆದದ್ದೇನೆಂದರೆ, ಹೆಣ್ಣು ಸಂಗಾತಿಯನ್ನು ಬಿಟ್ಟು ಬೇರೆ ಗಂಡಿನಿಂದ ಮರಿ ಪಡೆದಾಗಲೆಲ್ಲ ಆ ಗಂಡಿನ ಹಾಡಿನಲ್ಲಿ ತನ್ನ ಸಂಗಾತಿಯ ಹಾಡಿಗಿಂತ ಹೆಚ್ಚು ಬಗೆಯ ಪಲುಕುಗಳಿದ್ದವು.

ಎರವಲಿನ ಮಾತಿಗೂ ಉತ್ತರವಿದೆ. ಇದೇ ಕುಲದ ಮಾರ್ಷ್ ವಾರ್ಬ್ಲರ್, ಅಂದರೆ ಜೌಗು ಉಲಿಯಕ್ಕಿಯ ಹಾಡಿನಲ್ಲಿ ಸ್ವಂತದ್ದು ಬಹಳ ಕಡಿಮೆ. 1979ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಫ್ರಾನ್ಸ್ವಾಸ್ ಡೌಸೆಟ್-ಲಮೇರ್ ಅವರು ಈ ಹಕ್ಕಿಗಳು ಒಟ್ಟು 212 ಜಾತಿಯ ಹಕ್ಕಿಗಳನ್ನು ಅನುಕರಿಸುವುದನ್ನು ಗುರುತಿಸಿದರು. ಅವುಗಳಲ್ಲಿ 99 ಯುರೋಪಿನವು, 113 ಆಫ್ರಿಕದವು. ಬೆಲ್ಜಿಯಮ್ಮಿನ ಒಂದು ಪೊದೆಯಲ್ಲಿ ಕೂತು ಕೇಳಿದರೆ ಆ ಹಕ್ಕಿ ಚಳಿಗಾಲದಲ್ಲಿ ಯಾವ ದಾರಿ ಹಿಡಿದು ಎಲ್ಲೆಲ್ಲಿ ತಂಗಿತ್ತೆಂಬುದನ್ನು ಊಹಿಸಬಹುದು. ಒಂದೊಂದು ಗಂಡೂ ಸರಾಸರಿ 76 ಜಾತಿಗಳ ದನಿ ತೆಗೆಯುತ್ತದಂತೆ. ಜೊಂಡಿನಂಚು ಅವರೇ, ಎರವಲು ದನಿ ಮತ್ತು ಎರವಲು ವಾಸನೆ ಎಂಬ ಜೋಡಿ ನಿಮ್ಮ ಮೊದಲ ಯೋಚನೆಗಿಂತ ಗಟ್ಟಿಯಾದದ್ದು.

ಗಣಿತಮೇಷ್ಟ್ರು:
ಅರ್ಧ ಒಪ್ಪಿದೆ. ಆದರೆ ಎರಡೂ ಎರವಲು ಒಂದೇ ಬಗೆಯದ್ದಲ್ಲ. ಉಲಿಯಕ್ಕಿ ಕೇಳಿ ಕಲಿತದ್ದನ್ನು ತನ್ನ ಗಂಟಲಿನಿಂದಲೇ ಹಾಡುತ್ತದೆ, ಅದು ವಿದ್ಯೆ. ಟ್ರಫಲ್ ಬಾಡಿಗೆದಾರರನ್ನು ಇಟ್ಟುಕೊಂಡಿದೆ, ಆ ಬಾಡಿಗೆದಾರರ ಒಗ್ಗರಣೆಯ ಘಮ ಮನೆಯ ಯಜಮಾನನ ಹೆಸರಿಗೆ ಹೋಗುತ್ತಿದೆ. ಈ ಭೇದವನ್ನು ಸಭೆಯಲ್ಲಿ ಹೇಳಿದರೆ ನನ್ನ ಇನ್ನರ್ಧ ಒಪ್ಪಿಗೆಯೂ ಸಿಗುತ್ತದೆ.

ಹಳೆಯಚೀಟಿ:
ಇಷ್ಟು ಹೊತ್ತು ಓದುತ್ತ ಕೂತಿದ್ದೆ. ಇವೆರಡಕ್ಕೂ ಭಾರತದಲ್ಲೇ ಒಂದು ಕೊಂಡಿ ಇರುವುದನ್ನು ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತೇನೆ. 1867ರಲ್ಲಿ ಅಲನ್ ಆಕ್ಟೇವಿಯನ್ ಹ್ಯೂಮ್, ಮುಂದೆ ಕಾಂಗ್ರೆಸ್ ಸ್ಥಾಪನೆಯಲ್ಲಿ ಕಾಣುವ ಅದೇ ಹ್ಯೂಮ್, ಸಟ್ಲೆಜ್ ಕಣಿವೆಯಲ್ಲಿ ಒಂದು ಜೊಂಡು ಉಲಿಯಕ್ಕಿಯನ್ನು ಹೊಡೆದು ಅದರ ಚರ್ಮವನ್ನು ಕಾಪಿಟ್ಟರು. ಕೊಕ್ಕು ಎಂದಿನದಕ್ಕಿಂತ ದೊಡ್ಡದು. ಆಮೇಲೆ ಆ ಹಕ್ಕಿ ಯಾರ ಕಣ್ಣಿಗೂ ಬೀಳಲಿಲ್ಲ. ಇರುವುದು ಒಂದೇ ಚರ್ಮ, ಹಾಗಾಗಿ ಅದು ಬೇರೆ ಜಾತಿಯೋ, ಬೇರೊಂದರ ವಿಕಾರವೋ ಎಂದು ಸುಮಾರು 135 ವರ್ಷ ವಾದ ನಡೆಯಿತು. 2002ರಲ್ಲಿ ಆ ಹಳೆಯ ಚರ್ಮದ ಡಿಎನ್ಎ ನೋಡಿ ಬೇರೆಯೇ ಜಾತಿ ಎಂದರು. 2006ರಲ್ಲಿ ಥಾಯ್ಲೆಂಡಿನ ಕೊಳಚೆನೀರು ಶುದ್ಧೀಕರಣದ ಕೇಂದ್ರವೊಂದರಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವಾಗ ಒಂದು ಜೀವಂತ ಹಕ್ಕಿ ಬಲೆಗೆ ಬಿತ್ತು. 2009ರಲ್ಲಿ ಆಫ್ಘಾನಿಸ್ತಾನದ ವಾಖಾನ್ ಕಣಿವೆಯಲ್ಲಿ ಅದು ಮರಿ ಮಾಡುವುದೂ ಗೊತ್ತಾಯಿತು. ನಡುವೆ ವಸ್ತುಸಂಗ್ರಹಾಲಯಗಳ ಸೆಳೆಖಾನೆಗಳನ್ನು ತೆರೆದು ನೋಡಿದರೆ, ಬ್ಲೈತ್ ಜೊಂಡು ಉಲಿಯಕ್ಕಿ ಎಂದು ತಪ್ಪು ಚೀಟಿ ಅಂಟಿಸಿಕೊಂಡು ಅದೇ ಜಾತಿಯ ಚರ್ಮಗಳು ಮಲಗಿದ್ದವು.

ಈಗ ಅಣಬೆಗೆ ಬನ್ನಿ. 1892ರಲ್ಲಿ ಭಾರತದ ಹಿಮಾಲಯದಿಂದ ಹೋದ ಮಾದರಿಯ ಮೇಲೆ ಟ್ಯೂಬರ್ ಇಂಡಿಕಮ್ ಎಂಬ ಟ್ರಫಲಿಗೆ ಹೆಸರಿಟ್ಟರು, ನಮ್ಮ ದೇಶದ ಹೆಸರೇ ಅದಕ್ಕಿದೆ. ಇಂದು ಅದು ಚೀನಾದ ಯುನ್ನಾನ್, ಸಿಚುವಾನ್ ಕಡೆಯಿಂದ ಯುರೋಪಿಗೆ ಹೋಗುತ್ತದೆ, ಕಣ್ಣಿಗೆ ಫ್ರಾನ್ಸಿನ ಕಪ್ಪು ಟ್ರಫಲಿನಂತೆಯೇ ಇದ್ದು, ಘಮ ಕಡಿಮೆಯಾದ್ದರಿಂದ ಬೆಲೆಯೂ ಬಹಳ ಕಡಿಮೆ. ಅಸಲಿಯೊಂದಿಗೆ ಬೆರೆಸಿ ಮಾರುವವರಿದ್ದಾರೆ. ಇಟಲಿಯ ಒಂದು ತೋಟದಲ್ಲಿ ಫ್ರಾನ್ಸಿನ ಜಾತಿಯೆಂದು ನಂಬಿ ನೆಟ್ಟ ಗಿಡಗಳ ಬೇರಿನಲ್ಲಿ ಅದೇ ಇಂಡಿಕಮ್ ಇದ್ದದ್ದು 2008ರಲ್ಲಿ ವರದಿಯಾಯಿತು. ಅಲ್ಲಿಯೂ ಗುಟ್ಟು ಬಿಚ್ಚಿದ್ದು ಡಿಎನ್ಎ ಪರೀಕ್ಷೆಯೇ. ಹಕ್ಕಿಯನ್ನು ಕಿವಿಯಿಂದ, ಅಣಬೆಯನ್ನು ಮೂಗಿನಿಂದ ಗುರುತಿಸಬಹುದೆಂದು ಮೊದಲ ಬರಹದಲ್ಲಿ ಹೇಳಿದ್ದೀರಿ. ಕಿವಿ ಮೂಗು ಎರಡೂ ಸೋತ ಈ ಪ್ರಸಂಗಗಳನ್ನೂ ಸೇರಿಸಿಕೊಳ್ಳಿ.

ತೂರಿನ್‌ವಾಸಿ:
ಆ ತೋಟ ಇದ್ದದ್ದು ನಾನಿರುವ ಪ್ರಾಂತದಲ್ಲೇ. ನಮ್ಮ ಅಜ್ಜನ ಮುಂದೆ ಇಂಡಿಕಮ್ ಎಂಬ ಪದವನ್ನು ಎತ್ತಿದರೆ ಸಾಕು, ನಾಯಿಯೂ ಗುರ್ರೆನ್ನುತ್ತದೆ.

ಜೊಂಡಿನಂಚು:
ಎಲ್ಲರಿಗೂ ಋಣಿ. ‘ಯಾರು ಹೆಚ್ಚು ಚೆನ್ನಾಗಿ ಅಡಗುತ್ತಾರೆ’ ಎಂಬ ನನ್ನ ಮೊದಲ ಚಿತ್ರಪಟ್ಟಿಯನ್ನು ಅಳಿಸಿ, ಎರವಲು ದನಿ ಮತ್ತು ಎರವಲು ವಾಸನೆಯಿಂದಲೇ ಶುರು ಮಾಡುತ್ತೇನೆ. ಮೇಷ್ಟ್ರ ಬಾಡಿಗೆದಾರರ ಮಾತನ್ನೂ ಹೇಳುತ್ತೇನೆ. ಹಂದಿಯ ಪ್ರಣಯದ ಕತೆಯನ್ನು ಹೇಳಿ, ಸಭೆ ನಕ್ಕ ಮೇಲೆ ಅದು ಸುಳ್ಳೆಂದು ತಿಳಿಸುತ್ತೇನೆ. ಒಂದು ಕೋರಿಕೆ ಮಾತ್ರ ಉಳಿದಿದೆ. ಸಭೆಯ ದಿನ ಬೆಳಿಗ್ಗೆ ಎಲ್ಲರಿಗೂ ಪೊದೆಯ ಬಳಿ ಚಕ್ ಚಕ್ ಕೇಳಿಸಿ, ಆಮೇಲೆ ಕೈಗೆ ಒಂದೊಂದು ಕಲ್ಲಣಬೆಯನ್ನು ಕೊಟ್ಟು ಕೊಯ್ದು ನೋಡಿಸಬೇಕೆಂಬ ಆಸೆ ಹುಟ್ಟಿದೆ. ಕಡಲತಡಿ ಅವರೇ, ಅರ್ಧ ಸೇರು ಕಳಿಸಿಕೊಡಲು ಸಾಧ್ಯವೇ?

ಕಡಲತಡಿ:
ಕಳಿಸುವುದಕ್ಕೆ ಸಂತೋಷವೇ, ಆದರೆ ನಿಮ್ಮ ಸಭೆ ಇರುವುದು ಮಾರ್ಚ್‌ನಲ್ಲಿ. ಮೊದಲ ಮಳೆಯಿಲ್ಲದೆ ಕಲ್ಲಣಬೆ ಏಳುವುದಿಲ್ಲ, ಮಳೆ ಬರುವ ಹೊತ್ತಿಗೆ ನಿಮ್ಮ ಹಕ್ಕಿ ಪೊದೆ ಬಿಟ್ಟು ಸೈಬೀರಿಯದ ದಾರಿ ಹಿಡಿದಿರುತ್ತದೆ.

ಹಕ್ಕಿಕಿವಿ:
ಮೇ ತಿಂಗಳ ಮೊದಲ ವಾರದಲ್ಲಿ ಒಂದೆರಡು ಹಕ್ಕಿಗಳು ಇನ್ನೂ ಉಳಿದದ್ದನ್ನು ನಾನು ಕೇಳಿದ್ದೇನೆ. ಒಂದು ಜೋರು ಅಡ್ಡಮಳೆ ಬಿದ್ದರೆ ಸಾಕು, ಸಭೆಯನ್ನು ಮುಂದೂಡಿ ನೋಡಿ.